24.5 ಕೋಟಿ ಡಾಲರಿಗೆ ಬರುವುದು ಎಷ್ಟನೇ ಗೆಲುವು?

2019ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. 7 ವರ್ಷ, 24.5 ಕೋಟಿ ಡಾಲರ್. ಸ್ಟ್ರಾಸ್‌ಬರ್ಗ್ ಪಿಚರ್, ಅಂದರೆ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಸುಮಾರು ಆರು ವಾರದ ಹಿಂದಷ್ಟೇ ತಂಡ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್ ಲೀಗಿನ ಫೈನಲ್ ಸರಣಿ, ಗೆದ್ದಿತ್ತು. ಆ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂದಿತ್ತು. ವಯಸ್ಸು 31.

ಒಪ್ಪಂದ ಆದಮೇಲೆ ಅವರು ಆಡಿದ್ದು 8 ಪಂದ್ಯ. ಗೆದ್ದದ್ದು 1. ಮೊದಲು ಕೈಯ ನರದ ತೊಂದರೆ, ಆಮೇಲೆ ಭುಜದ ಹತ್ತಿರ ನರ ಒತ್ತಿಹೋಗುವ ಕಾಯಿಲೆ, ಅದಕ್ಕೊಂದು ಆಪರೇಷನ್. 2022ರಲ್ಲಿ ಒಂದೇ ಒಂದು ಪಂದ್ಯಕ್ಕೆ ಬಂದು ಹೋದರು. 2024ರಲ್ಲಿ ನಿವೃತ್ತಿ. ಬೇಸ್‌ಬಾಲ್‌ನಲ್ಲಿ ಒಪ್ಪಂದದ ದುಡ್ಡು ಗ್ಯಾರಂಟಿ. ಆಡಿದರೂ ಕೊಡಬೇಕು, ಆಡದಿದ್ದರೂ ಕೊಡಬೇಕು.

ಹಾಗಾದರೆ ದುಬಾರಿ ಸ್ಟಾರ್‌ಗಳ ಸಹವಾಸವೇ ಬೇಡ ಅನ್ನೋಣವೇ? ತಾಳಿ. ಇದೇ ತಂಡ, ಇದೇ ಮಾಲೀಕರ ಕುಟುಂಬ, ಇದೇ ಜನರಲ್ ಮ್ಯಾನೇಜರ್ ಮೈಕ್ ರಿಜೊ. 2015ರ ಜನವರಿಯಲ್ಲಿ ಮ್ಯಾಕ್ಸ್ ಶೆರ್ಜರ್ ಎಂಬ ಇನ್ನೊಬ್ಬ ಪಿಚರ್‌ಗೆ 7 ವರ್ಷಕ್ಕೆ 21 ಕೋಟಿ ಡಾಲರ್ ಕೊಟ್ಟಿದ್ದರು. ಅವರಿಗೆ ಆಗ 30 ವರ್ಷ. ಆ ವಯಸ್ಸಿನ ಪಿಚರ್‌ಗೆ ಏಳು ವರ್ಷ ಕೊಡುವುದು ಹುಚ್ಚಾಟ ಅಂತ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಹಿಂದಿನ ವರ್ಷ ಅವರ ಹಳೆಯ ತಂಡ ಡೆಟ್ರಾಯಿಟ್ ಟೈಗರ್ಸ್ 6 ವರ್ಷಕ್ಕೆ 14.4 ಕೋಟಿ ಕೊಡುತ್ತೇವೆ ಅಂದಿತ್ತು, ಶೆರ್ಜರ್ ಒಪ್ಪಿರಲಿಲ್ಲ. ವಾಷಿಂಗ್ಟನ್ನಿಗೆ ಬಂದ ಮೊದಲ ವರ್ಷವೇ ಎರಡು ಸಲ ಎದುರಾಳಿಗೆ ಒಂದೂ ಹಿಟ್ ಕೊಡದೆ ಪೂರ್ತಿ ಪಂದ್ಯ ಮುಗಿಸಿದರು. 2016 ಮತ್ತು 2017ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಅಲ್ಲಿದ್ದಷ್ಟು ದಿನದಲ್ಲಿ 92 ಗೆಲುವು, 47 ಸೋಲು. ಜೊತೆಗೆ 2019ರ ಕಪ್.

ಒಂದೇ ಕೈ ಎರಡು ಚೆಕ್ ಬರೆಯಿತು. ಒಂದು ಬಂಗಾರ, ಒಂದು ಮಣ್ಣು. ಅದೃಷ್ಟ ಅಂತ ಕೈತೊಳೆದುಕೊಳ್ಳಬಹುದು. ಆದರೆ ಇದರ ಒಳಗೆ ಒಂದು ಲೆಕ್ಕ ಇದೆ. ಸುಮಾರು ಹತ್ತು ವರ್ಷದಲ್ಲಿ ಇಂಥ ನಾಲ್ಕೈದು ದೊಡ್ಡ ನಿರ್ಧಾರಗಳನ್ನು ತೆಗೆದುಕೊಂಡ ವಾಷಿಂಗ್ಟನ್ ತಂಡವನ್ನೇ ಹಿಡಿದುಕೊಂಡು ಹೋದರೆ ಆ ಲೆಕ್ಕ ಬೇಗ ಅರ್ಥವಾಗುತ್ತದೆ.

ಮೊದಲು ಇಂಥ ಒಪ್ಪಂದಕ್ಕೆ ಸಹಿ ಹಾಕುವ ಫ್ರೀ ಏಜೆಂಟ್ ಅಂದರೆ ಯಾರು ಅಂತ ನೋಡೋಣ. ನಮಗೆ ಗೊತ್ತಿರುವುದು ಐಪಿಎಲ್ ಹರಾಜು. ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಅಳತೆಯ ಚೀಲ. 2025ರ ಸೀಸನ್ನಿಗೆ ಅದು 120 ಕೋಟಿ ರೂಪಾಯಿ. ಅದರೊಳಗೇ ಎಲ್ಲ ಮುಗಿಸಬೇಕು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂಥ ಚೀಲ ಇಲ್ಲ. ಹರಾಜೂ ಇಲ್ಲ. ಎಳೆ ಹುಡುಗನನ್ನು ಒಂದು ತಂಡ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸಬರನ್ನು ಆರಿಸುವ ಪದ್ಧತಿಯಲ್ಲಿ, ಆರಿಸಿಕೊಳ್ಳುತ್ತದೆ. ಅವನು ಮೇಲಿನ ಲೀಗಿಗೆ ಬಂದಮೇಲೆ ಆರು ವರ್ಷ ಅದೇ ತಂಡದ ಸ್ವತ್ತು. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, 2025ರಲ್ಲಿ ಅದು 7.6 ಲಕ್ಷ ಡಾಲರ್. ಆಮೇಲಿನ ಮೂರು ವರ್ಷ ತಂಡಕ್ಕೂ ಆಟಗಾರನಿಗೂ ಹೊಂದಿಕೆ ಆಗದಿದ್ದರೆ ಮಧ್ಯಸ್ಥರು ಸಂಬಳ ತೀರ್ಮಾನಿಸುತ್ತಾರೆ. ಆರು ವರ್ಷ ಮುಗಿದರೆ ಸ್ವತಂತ್ರ. ಆಗ ಅವನು ಫ್ರೀ ಏಜೆಂಟ್. 30 ತಂಡಗಳಲ್ಲಿ ಯಾರ ಹತ್ತಿರ ಬೇಕಾದರೂ ಮಾತಾಡಬಹುದು.

ಈ ಸ್ವಾತಂತ್ರ್ಯವೂ ಸುಮ್ನೆ ಬಂದಿದ್ದಲ್ಲ. 1975ರವರೆಗೆ ಆಟಗಾರ ಜೀವನಪೂರ್ತಿ ತಂಡದ ಆಳು. ಕರ್ಟ್ ಫ್ಲಡ್ ಎಂಬ ಆಟಗಾರ ತನ್ನನ್ನು ಕೇಳದೆ ಬೇರೆ ತಂಡಕ್ಕೆ ಕಳಿಸಿದ್ದನ್ನು ಒಪ್ಪದೆ ಸುಪ್ರೀಂ ಕೋರ್ಟ್‌ವರೆಗೂ ಹೋದರು. 1972ರಲ್ಲಿ ಸೋತರು. ಮೂರು ವರ್ಷದ ನಂತರ ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ಕೇಸಿನಲ್ಲಿ ಮಧ್ಯಸ್ಥ ಪೀಟರ್ ಸೈಟ್ಜ್ ಆಟಗಾರರ ಪರ ತೀರ್ಪು ಕೊಟ್ಟರು. ಬಾಗಿಲು ತೆರೆದಿದ್ದು ಆಗ.

ಈ ಆರು ವರ್ಷದ ನಿಯಮದಲ್ಲೇ ಮುಕ್ಕಾಲು ಸಮಸ್ಯೆ ಅಡಗಿದೆ. ಆಟಗಾರ ಮೇಲಿನ ಲೀಗಿಗೆ ಬರುವಾಗ 23, 24 ಆಗಿರುತ್ತದೆ. ಸ್ವತಂತ್ರ ಆಗುವಾಗ 29, 30. ಬೇಸ್‌ಬಾಲ್ ಆಟಗಾರರು ಸಾಮಾನ್ಯವಾಗಿ ತಮ್ಮ ಅತ್ಯುತ್ತಮ ಆಟ ಆಡುವುದು 26ರಿಂದ 29ರ ನಡುವೆ. ಅಂದರೆ ಒಳ್ಳೆಯ ವರ್ಷಗಳನ್ನು ಹಳೆಯ ತಂಡ ಅಗ್ಗದಲ್ಲಿ ತಿಂದು ಮುಗಿಸಿರುತ್ತದೆ. ಮಾರುಕಟ್ಟೆಗೆ ಬರುವುದು ಇಳಿಜಾರಿನ ವರ್ಷಗಳು. ನಮ್ಮ ಕಡೆ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೈಕಟ್ಟು ನೋಡಿ ಮರುಳಾಗುವ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಬೇಸ್‌ಬಾಲ್ ಮ್ಯಾನೇಜರ್‌ಗಳಿಗೂ ಅದೇ ಕೆಲಸ.

ಈಗ ಲೆಕ್ಕಕ್ಕೆ ಬರೋಣ. ಬೇಸ್‌ಬಾಲ್‌ನಲ್ಲಿ ಒಬ್ಬ ಆಟಗಾರನ ಒಟ್ಟು ಕೊಡುಗೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆ ಇದೆ. ಅದರ ಹೆಸರು ವಾರ್. ಯುದ್ಧಕ್ಕೂ ಇದಕ್ಕೂ ಸಂಬಂಧ ಇಲ್ಲ. ಅರ್ಥ ಇಷ್ಟೇ: ಕನಿಷ್ಠ ಸಂಬಳಕ್ಕೆ ಕೆಳಗಿನ ಲೀಗಿನಿಂದ ಯಾರೋ ಒಬ್ಬನನ್ನು ಕರೆತಂದು ಆಡಿಸಿದರೆ ಎಷ್ಟು ಗೆಲುವು ಸಿಗುತ್ತಿತ್ತೋ, ಅದಕ್ಕಿಂತ ಈ ಆಟಗಾರ ಎಷ್ಟು ಗೆಲುವು ಜಾಸ್ತಿ ತಂದ? ಬರೀ ಅಂಥ ಬದಲಿ ಆಟಗಾರರನ್ನೇ ತುಂಬಿಕೊಂಡ ತಂಡ 162 ಪಂದ್ಯಗಳಲ್ಲಿ ಸುಮಾರು 48 ಗೆಲ್ಲುತ್ತದೆ ಅನ್ನುವುದು ಅಂದಾಜು. ಸಾಧಾರಣ ಖಾಯಂ ಆಟಗಾರ ವರ್ಷಕ್ಕೆ 2 ಗೆಲುವು ಸೇರಿಸುತ್ತಾನೆ. ಸ್ಟಾರ್ ಆದರೆ 5. ಮಹಾ ಆಟಗಾರ 8, ಅಪರೂಪಕ್ಕೆ 10.

ಓದುವಾಗ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಕೋಟಿ ಕೋಟಿ ಸುರಿದು 162ರಲ್ಲಿ 5 ಗೆಲುವು! ಬೇಸ್‌ಬಾಲ್ ಹಾಗೇ. ದೊಡ್ಡ ಬ್ಯಾಟರ್ ಇದ್ದರೂ ಒಂಬತ್ತು ಜನರಲ್ಲಿ ಒಬ್ಬ, ಸರದಿ ಬಂದಾಗಲೇ ಆಡಬೇಕು. ಒಳ್ಳೆಯ ಪಿಚರ್ ಐದು ದಿನಕ್ಕೊಮ್ಮೆ ಮಾತ್ರ ಮೈದಾನಕ್ಕೆ ಇಳಿಯುತ್ತಾನೆ. ಒಬ್ಬನೇ ನಿಂತು ಇಡೀ ತಂಡವನ್ನು ಎತ್ತುವ ಆಟ ಅಲ್ಲ ಇದು.

ಫ್ರೀ ಏಜೆಂಟ್ ಮಾರುಕಟ್ಟೆಯಲ್ಲಿ ಇಂಥ ಒಂದು ಗೆಲುವಿನ ಬೆಲೆ ಇತ್ತೀಚೆಗೆ ಸುಮಾರು 80 ಲಕ್ಷದಿಂದ 1 ಕೋಟಿ ಡಾಲರ್ ಅಂತ ಲೆಕ್ಕ ಹಾಕುತ್ತಾರೆ. ಒಂದು ಕಾಲ್ಪನಿಕ ಉದಾಹರಣೆ ಮಾಡಿ ನೋಡಿ. 30 ವರ್ಷದ ಸ್ಟಾರ್, ಈ ವರ್ಷ 5 ಗೆಲುವಿನ ಯೋಗ್ಯತೆ. ಮೂವತ್ತು ದಾಟಿದವನು ವರ್ಷಕ್ಕೆ ಅರ್ಧ ಗೆಲುವಿನಷ್ಟು ಇಳಿಯುತ್ತಾನೆ ಅನ್ನುವುದು ಸಾಮಾನ್ಯವಾಗಿ ಬಳಸುವ ಅಂದಾಜು. ಏಳು ವರ್ಷಕ್ಕೆ 5, 4.5, 4, 3.5, 3, 2.5, 2. ಕೂಡಿಸಿದರೆ 24.5 ಗೆಲುವು. ಒಂದಕ್ಕೆ 90 ಲಕ್ಷದಂತೆ 22 ಕೋಟಿ ಡಾಲರ್. ಏಳು ಭಾಗ ಮಾಡಿದರೆ ವರ್ಷಕ್ಕೆ ಸುಮಾರು 3.15 ಕೋಟಿ.

ಈ ಸಾಲನ್ನು ಇನ್ನೊಮ್ಮೆ ನೋಡಿ. ಮೊದಲ ವರ್ಷ ಅವನು 4.5 ಕೋಟಿಯ ಆಟ ಆಡುತ್ತಾನೆ, ತೆಗೆದುಕೊಳ್ಳುವುದು 3.15. ಕೊನೆಯ ವರ್ಷ 1.8 ಕೋಟಿಯ ಆಟ, ಸಂಬಳ ಅದೇ 3.15. ಅಂದರೆ ಕೊನೆಯ ವರ್ಷಗಳಲ್ಲಿ ನಷ್ಟ ಆಗುತ್ತದೆ ಅನ್ನುವುದು ಸಹಿ ಹಾಕುವ ದಿನವೇ ಎಲ್ಲರಿಗೂ ಗೊತ್ತು. ಆರನೇ ವರ್ಷದಲ್ಲಿ ಟಿವಿ ಮುಂದೆ ಕೂತು "ಇವನಿಗೆ ಇಷ್ಟೊಂದು ದುಡ್ಡಾ" ಅಂತ ಬೈಯುವ ಅಭಿಮಾನಿಗೆ ಮಾತ್ರ ಇದು ಮರೆತುಹೋಗಿರುತ್ತದೆ. ದೊಡ್ಡ ಒಪ್ಪಂದ ಒಂದು ಬಗೆಯ ಸಾಲ. ಈಗ ಗೆಲುವು ತೆಗೆದುಕೊಂಡು ಆಮೇಲೆ ಕಂತು ಕಟ್ಟುವುದು.

ಸಾಲ ಮಾಡಬಾರದು ಅಂತಲ್ಲ. ಈಗ ಸಿಗುವ ಗೆಲುವು ಯಾವ ಕೆಲಸಕ್ಕೆ ಬರುತ್ತದೆ ಅಂತ ಕೇಳಬೇಕು. ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಅವನು ತರುವ ಐದು ಗೆಲುವು ನಿಮ್ಮ ತಂಡಕ್ಕೆ ಎಷ್ಟನೇ ಗೆಲುವು?

65 ಗೆಲ್ಲುವ ತಂಡ ಸ್ಟಾರ್ ಬಂದು 70 ಗೆದ್ದರೆ ಏನೂ ಬದಲಾಗುವುದಿಲ್ಲ. ಸೆಪ್ಟೆಂಬರ್ ಮುಗಿದರೆ ಮನೆಗೆ. 100 ಗೆಲ್ಲುವ ತಂಡ 105 ಗೆದ್ದರೂ ಅಷ್ಟೇ, ಅದು ಹೇಗಿದ್ದರೂ ಪ್ಲೇಆಫ್‌ನಲ್ಲಿ ಇರುತ್ತಿತ್ತು. ಆದರೆ 84ರ ತಂಡ 89ಕ್ಕೆ ಬಂದರೆ? 2022ರಿಂದ 12 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಗೆರೆ ಬೀಳುವುದು ಸರಿಸುಮಾರು ಅಲ್ಲೇ, ಎಂಬತ್ತರ ಮಧ್ಯದಿಂದ ತೊಂಬತ್ತರವರೆಗೆ. ಅಲ್ಲಿ ಒಂದೊಂದು ಗೆಲುವಿಗೂ ಟಿಕೆಟ್, ಟಿವಿ, ಅಕ್ಟೋಬರ್ ತಿಂಗಳ ಆದಾಯ, ಮುಂದಿನ ವರ್ಷದ ಸೀಸನ್ ಪಾಸ್ ಎಲ್ಲ ನೇತುಹಾಕಿಕೊಂಡಿರುತ್ತದೆ. ಒಂದೇ ಆಟಗಾರ, ಒಂದೇ ಐದು ಗೆಲುವು. ಒಂದು ತಂಡಕ್ಕೆ ಅದು 66ರಿಂದ 70ನೆಯದು, ಇನ್ನೊಂದಕ್ಕೆ 85ರಿಂದ 89ನೆಯದು. ಬೆಲೆ ಮಾತ್ರ ಇಬ್ಬರಿಗೂ ಒಂದೇ.

ಶೆರ್ಜರ್ ಬಂದಾಗ ವಾಷಿಂಗ್ಟನ್ ಹಿಂದಿನ ವರ್ಷ 96 ಪಂದ್ಯ ಗೆದ್ದ ತಂಡ. ಅವರು ಬಂದದ್ದು ಕಟ್ಟಿದ ಮನೆಗೆ ಚಾವಣಿ ಹಾಕಲು, ಅಡಿಪಾಯ ತೋಡಲು ಅಲ್ಲ. ಆದರೂ ಮೊದಲ ವರ್ಷ ಆ ತಂಡ 83ಕ್ಕೆ ಇಳಿದು ಪ್ಲೇಆಫ್ ಕೂಡ ತಲುಪಲಿಲ್ಲ. ಹಾಗಾಗಿ ಯಾರಾದರೂ ಈ ಲೆಕ್ಕ ಹೇಳಿ "ಖಚಿತ" ಅಂದರೆ ನಂಬಬೇಡಿ.

ಮುಂದಿನದು ಬ್ರೈಸ್ ಹಾರ್ಪರ್ ಕಥೆ. ವಾಷಿಂಗ್ಟನ್ನಿನ ಮನೆಮಗ, 2015ರ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಶ್ರೇಷ್ಠ ಆಟಗಾರ. 19ನೇ ವಯಸ್ಸಿಗೇ ಮೇಲಿನ ಲೀಗಿಗೆ ಬಂದಿದ್ದರಿಂದ 26ಕ್ಕೇ ಫ್ರೀ ಏಜೆಂಟ್ ಆದರು. ಮೇಲೆ ಹೇಳಿದ ಹಲ್ಲು ನೋಡುವ ಮಾತು ಇವರಿಗೆ ಅನ್ವಯಿಸುವುದಿಲ್ಲ, ಒಳ್ಳೆಯ ವರ್ಷಗಳು ಇನ್ನೂ ಮುಂದಿದ್ದವು. ವಾಷಿಂಗ್ಟನ್ ಸುಮಾರು 30 ಕೋಟಿಯ ಮಾತಾಡಿತು, ಆದರೆ ಅದರಲ್ಲಿ ದೊಡ್ಡ ಪಾಲು ವರ್ಷಗಳ ನಂತರ ಕೊಡುವ ಕರಾರು. ಹಾರ್ಪರ್ 13 ವರ್ಷಕ್ಕೆ 33 ಕೋಟಿ ಡಾಲರಿಗೆ ಫಿಲಡೆಲ್ಫಿಯಾ ಫಿಲೀಸ್ ಸೇರಿದರು. ಸುದ್ದಿ ಹೊರಬಿದ್ದ ಕೂಡಲೇ ಅಲ್ಲಿ ಟಿಕೆಟ್ಟುಗಳು ರಾಶಿ ರಾಶಿ ಮಾರಾಟವಾದವು. ವಾಷಿಂಗ್ಟನ್ನಿನವರು ಆ ಚಳಿಗಾಲದಲ್ಲಿ ದುಡ್ಡನ್ನು ಬೇರೆ ಕಡೆ ಹಾಕಿದರು. ಪ್ಯಾಟ್ರಿಕ್ ಕಾರ್ಬಿನ್ ಎಂಬ ಪಿಚರ್‌ಗೆ 6 ವರ್ಷ, 14 ಕೋಟಿ.

ಆ 2019ರ ಸೀಸನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೊದಲ 50 ಪಂದ್ಯದಲ್ಲಿ ತಂಡ 19 ಗೆದ್ದು 31 ಸೋತಿತ್ತು. ಹಾರ್ಪರ್ ಬಿಟ್ಟುಕೊಟ್ಟಿದ್ದಕ್ಕೆ ಶಾಸ್ತಿ ಆಯಿತು ಅನ್ನುವಂತಿತ್ತು ಪರಿಸ್ಥಿತಿ. ಮುಗಿಸಿದ್ದು 93 ಗೆಲುವಿನಲ್ಲಿ. ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿ ಹ್ಯೂಸ್ಟನ್ ಆಸ್ಟ್ರೋಸ್. ಐದನೇ ಪಂದ್ಯದ ದಿನ ಶೆರ್ಜರ್‌ಗೆ ಕತ್ತು ಹಿಡಿದುಕೊಂಡು ಕೈ ಎತ್ತಲೂ ಆಗಲಿಲ್ಲ. ಬಟ್ಟೆ ಹಾಕಿಕೊಳ್ಳಲು ಹೆಂಡತಿಯ ಸಹಾಯ ಬೇಕಾಯಿತು. ಮೂರು ದಿನದ ನಂತರ ಏಳನೇ, ನಿರ್ಣಾಯಕ ಪಂದ್ಯಕ್ಕೆ ಅವರೇ ಇಳಿದರು. ಐದು ಇನ್ನಿಂಗ್ಸ್ (ಬೇಸ್‌ಬಾಲ್ ಪಂದ್ಯದಲ್ಲಿ ಒಂದು ತಂಡಕ್ಕೆ ಒಂಬತ್ತು ಇರುತ್ತವೆ) ತಿಣುಕಾಡಿ ಎರಡೇ ರನ್ ಬಿಟ್ಟರು. ಏಳನೇ ಇನ್ನಿಂಗ್ಸ್‌ವರೆಗೆ ಹ್ಯೂಸ್ಟನ್ 2-0 ಮುಂದಿತ್ತು. ಆಂಥೊನಿ ರೆಂಡನ್ ಒಂದು ಹೋಮ್ ರನ್ ಹೊಡೆದರು, ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ. ಹಿಂದೆಯೇ ಹೋವಿ ಕೆಂಡ್ರಿಕ್ ಹೊಡೆದ ಚೆಂಡು ಹೋಗಿ ಮೈದಾನದ ಅಂಚಿನ ಫೌಲ್ ಕಂಬಕ್ಕೇ ಬಡಿಯಿತು, ಅದೂ ಹೋಮ್ ರನ್. ಶೆರ್ಜರ್ ನಂತರ ಬಂದ ಕಾರ್ಬಿನ್ ಮೂರು ಇನ್ನಿಂಗ್ಸ್ ಒಂದೂ ರನ್ ಕೊಡಲಿಲ್ಲ. 6-2.

ಆ ರಾತ್ರಿ ಮೈದಾನದಲ್ಲಿ 21 ಕೋಟಿಯವರಿದ್ದರು, 14 ಕೋಟಿಯವರಿದ್ದರು. ಇನ್ನೊಬ್ಬ ಹುಡುಗನೂ ಇದ್ದ. ಹೆಸರು ಹುವಾನ್ ಸೊಟೊ. ಆ ವರ್ಷ 34 ಹೋಮ್ ರನ್ ಹೊಡೆದಿದ್ದ ಅವನ ಸಂಬಳ ಕನಿಷ್ಠ ಸಂಬಳದ ಆಸುಪಾಸಿನಲ್ಲಿತ್ತು. ವರ್ಲ್ಡ್ ಸೀರೀಸ್ ನಡೆಯುತ್ತಿರುವಾಗಲೇ ಅವನಿಗೆ 21 ತುಂಬಿತು. ಟ್ರೇ ಟರ್ನರ್ ಕೂಡ ಇನ್ನೂ ಆ ಆರು ವರ್ಷದ ಒಳಗೇ ಇದ್ದವರು. ಇದನ್ನು ಗಮನಿಸದೆ ಸ್ಟಾರ್ ಒಪ್ಪಂದಗಳ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ. ದುಬಾರಿ ಆಟಗಾರನನ್ನು ಸಾಕುವುದು ಅಗ್ಗದ ಹುಡುಗರು. ಸೊಟೊ ತಂದ ಗೆಲುವುಗಳನ್ನು ಮಾರುಕಟ್ಟೆಯಲ್ಲಿ ಕೊಳ್ಳಬೇಕಾಗಿದ್ದರೆ ಶೆರ್ಜರ್‌ಗೆ ಕೊಡಲು ದುಡ್ಡೇ ಉಳಿಯುತ್ತಿರಲಿಲ್ಲ.

ಹಾಗಾದರೆ ಹಾರ್ಪರ್‌ರನ್ನು ಬಿಟ್ಟಿದ್ದು ಸರಿಯೇ? ಕಪ್ ಗೆದ್ದಮೇಲೆ ತಪ್ಪು ಅನ್ನುವುದು ಕಷ್ಟ. ಆದರೆ ಹಾರ್ಪರ್ 2021ರಲ್ಲಿ ಮತ್ತೆ ಲೀಗಿನ ಶ್ರೇಷ್ಠ ಆಟಗಾರ ಆದರು, 2022ರಲ್ಲಿ ಫಿಲೀಸ್‌ಅನ್ನು ವರ್ಲ್ಡ್ ಸೀರೀಸ್‌ಗೆ ಕರೆದೊಯ್ದರು. ವರ್ಷಕ್ಕೆ ಸುಮಾರು 2.5 ಕೋಟಿಗೆ ಅಂಥವರು ಸಿಗುವುದು ಅಗ್ಗವೇ. ಕಾರ್ಬಿನ್ ಮಾತ್ರ 2021, 2022, 2023 ಮೂರೂ ವರ್ಷ ನ್ಯಾಷನಲ್ ಲೀಗಿನಲ್ಲೇ ಅತಿ ಹೆಚ್ಚು ಸೋಲು ಕಂಡ ಪಿಚರ್. ಒಂದು ಅಕ್ಟೋಬರ್ ರಾತ್ರಿಯ ಮೂರು ಇನ್ನಿಂಗ್ಸ್‌ಗೆ 14 ಕೋಟಿ ಅಂತ ವಾಷಿಂಗ್ಟನ್ ಅಭಿಮಾನಿಯೊಬ್ಬ ಲೆಕ್ಕ ಹಾಕಿದರೆ ಅವನು ಬೇಸರ ಮಾಡಿಕೊಳ್ಳುತ್ತಾನೆ ಅಂತ ನನಗನ್ನಿಸುವುದಿಲ್ಲ.

ಆಮೇಲೆ ಬಂತು ಆ ಡಿಸೆಂಬರ್. ಸ್ಟ್ರಾಸ್‌ಬರ್ಗ್ ಮತ್ತು ರೆಂಡನ್ ಇಬ್ಬರೂ ಫ್ರೀ ಏಜೆಂಟ್. ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳಲು ಮಾತ್ರ ಸಾಧ್ಯ ಅಂತ ಮಾಲೀಕ ಮಾರ್ಕ್ ಲರ್ನರ್ ಬಹಿರಂಗವಾಗಿಯೇ ಹೇಳಿದರು. ಸ್ಟ್ರಾಸ್‌ಬರ್ಗ್ ಉಳಿದರು. ಅದೇ ವಾರ ರೆಂಡನ್ ಲಾಸ್ ಏಂಜಲೀಸ್ ಏಂಜಲ್ಸ್ ಜೊತೆ ಸಹಿ ಹಾಕಿದರು. ಅದೂ 7 ವರ್ಷ, ಅದೂ 24.5 ಕೋಟಿ.

ತಮಾಷೆ ಅಂದರೆ ಇಬ್ಬರಲ್ಲಿ ಯಾರನ್ನು ಆರಿಸಿದ್ದರೂ ಮುಳುಗುತ್ತಿದ್ದರು. ರೆಂಡನ್ ಏಂಜಲ್ಸ್‌ಗೆ ಯಾವ ವರ್ಷವೂ 60 ಪಂದ್ಯ ಆಡಲಿಲ್ಲ. ಒಂದಲ್ಲ ಒಂದು ಗಾಯ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆರ್ಥಿಕ ತಜ್ಞರು ಇದನ್ನು ಗೆದ್ದವನ ಶಾಪ ಅನ್ನುತ್ತಾರೆ. ಒಬ್ಬ ಆಟಗಾರನಿಗೆ ಹತ್ತು ತಂಡಗಳು ಬೆಲೆ ಕಟ್ಟುತ್ತವೆ ಅಂದುಕೊಳ್ಳಿ. ಕೆಲವರು ಕಡಿಮೆ ಕಟ್ಟುತ್ತಾರೆ, ಕೆಲವರು ಜಾಸ್ತಿ. ನಿಜವಾದ ಬೆಲೆ ಎಲ್ಲೋ ಮಧ್ಯದಲ್ಲಿದೆ. ಆದರೆ ಆಟಗಾರ ಹೋಗುವುದು ಯಾರ ಹತ್ತಿರ? ಎಲ್ಲರಿಗಿಂತ ಜಾಸ್ತಿ ಆಸೆ ಇಟ್ಟುಕೊಂಡವರ ಹತ್ತಿರ. ಅಂದರೆ ಲೆಕ್ಕ ತಪ್ಪಿದವರೇ ಗೆಲ್ಲುವ ಸಾಧ್ಯತೆ ಹೆಚ್ಚು. ಇದಕ್ಕೆ ಸೇರಿಕೊಂಡು ಇನ್ನೊಂದು ಅನುಮಾನ: ಆಟಗಾರನ ಮೈ ಹೇಗಿದೆ, ಮೊಣಕೈ ಹೇಗಿದೆ ಅಂತ ಚೆನ್ನಾಗಿ ಗೊತ್ತಿರುವುದು ಹಳೆಯ ತಂಡಕ್ಕೆ. ಅವರೇ ಬಿಟ್ಟುಕೊಡುತ್ತಿದ್ದಾರೆ ಅಂದರೆ ಏನೋ ಇರಬೇಕು, ಅಲ್ವಾ?

ಸ್ಟ್ರಾಸ್‌ಬರ್ಗ್ ವಿಷಯದಲ್ಲಿ ಈ ಅನುಮಾನ ಕೂಡ ಕೆಲಸಕ್ಕೆ ಬರಲಿಲ್ಲ. ವಾಷಿಂಗ್ಟನ್ನಿನವರಿಗೆ ಗೊತ್ತಿದ್ದಷ್ಟು ಅವರ ಬಗ್ಗೆ ಇನ್ಯಾರಿಗೂ ಗೊತ್ತಿರಲಿಲ್ಲ. 2009ರ ಡ್ರಾಫ್ಟ್‌ನಲ್ಲಿ ಸ್ಟ್ರಾಸ್‌ಬರ್ಗ್‌ರನ್ನು ಮೊದಲನೆಯವರಾಗಿ ಆರಿಸಿದ್ದು ವಾಷಿಂಗ್ಟನ್ನಿನವರೇ. 2010ರಲ್ಲಿ ಮೊಣಕೈ ಆಪರೇಷನ್ ಆದಾಗ ಜೊತೆಗಿದ್ದದ್ದೂ ಅವರೇ. 2012ರಲ್ಲಿ ತಂಡ ಪ್ಲೇಆಫ್‌ಗೆ ಹೊರಟಿದ್ದಾಗಲೂ ಕೈಗೆ ವಿಶ್ರಾಂತಿ ಬೇಕು ಅಂತ ಸೆಪ್ಟೆಂಬರ್‌ನಲ್ಲೇ ಆಟ ನಿಲ್ಲಿಸಿದ್ದರು. ಅಷ್ಟು ಜೋಪಾನ ಮಾಡಿದ ತೋಳು 2019ರಲ್ಲಿ 209 ಇನ್ನಿಂಗ್ಸ್ ಎಸೆಯಿತು, ಮೇಲೆ ಪ್ಲೇಆಫ್‌ನಲ್ಲಿ ಇನ್ನೂ 36. ಒಟ್ಟು 245. ಮಿಲಿಯನ್ ಲೆಕ್ಕದಲ್ಲಿ ಹೇಳಿದರೆ ಒಪ್ಪಂದವೂ 245. ಕಾಕತಾಳೀಯ, ಆದರೂ ಆ ಎರಡು ಅಂಕಿ ಪಕ್ಕಪಕ್ಕ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆಮೇಲೆ ಅವರಿಗೆ ಎಸೆಯಲು ಆಗಿದ್ದು 31 ಇನ್ನಿಂಗ್ಸ್ ಚಿಲ್ಲರೆ. ಕಪ್ ಗೆದ್ದುಕೊಟ್ಟವನಿಗೆ ಕೃತಜ್ಞತೆಯಿಂದ ಕೊಡುವ ದುಡ್ಡು ಬೇರೆ, ಮುಂದಿನ ಏಳು ವರ್ಷದ ಆಟಕ್ಕೆ ಕೊಡುವ ದುಡ್ಡು ಬೇರೆ. ಮೊದಲನೆಯದನ್ನು ಎರಡನೆಯದರ ಹೆಸರಿನಲ್ಲಿ ಬರೆದರೆ ಹೀಗಾಗುತ್ತದೆ. ಪಿಚರ್ ಆದರಂತೂ ಇನ್ನೂ ಅಪಾಯ. ಬ್ಯಾಟರ್ ನಿಧಾನವಾಗಿ ಇಳಿಯುತ್ತಾನೆ, ಪಿಚರ್ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಗುತ್ತಾನೆ.

ಸಂಬಳವೊಂದೇ ಖರ್ಚು ಅಲ್ಲ. ಐಪಿಎಲ್‌ನ ಹಾಗೆ ಮಿತಿ ಇಲ್ಲದಿದ್ದರೂ ಒಂದು ಗೆರೆ ದಾಟಿದರೆ ತೆರಿಗೆ ಇದೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ಮೊದಲ ವರ್ಷ ದಾಟಿದರೆ ಮೇಲಿನ ಮೊತ್ತಕ್ಕೆ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ತುಂಬಾ ಮೇಲೆ ಹೋದರೆ ಇದರ ಮೇಲೆ ಇನ್ನೂ ಶೇ 60 ಸರ್‌ಚಾರ್ಜ್. ಆ ತುದಿಯಲ್ಲಿರುವ ತಂಡ ಒಂದು ಡಾಲರ್ ಸಂಬಳ ಕೊಟ್ಟರೆ ಲೀಗಿಗೆ 1 ಡಾಲರ್ 10 ಸೆಂಟ್ ತೆರಿಗೆ ಕಟ್ಟಬೇಕು. ಒಂದೇ ಆಟಗಾರ ಒಬ್ಬರಿಗೆ 3 ಕೋಟಿ, ಇನ್ನೊಬ್ಬರಿಗೆ 6.3 ಕೋಟಿ.

ಇದನ್ನು ತಗ್ಗಿಸಲು ದುಡ್ಡು ಮುಂದೂಡುವ ಉಪಾಯ ಇದೆ. ಲಾಸ್ ಏಂಜಲೀಸ್ ಡಾಡ್ಜರ್ಸ್ 2023ರ ಡಿಸೆಂಬರ್‌ನಲ್ಲಿ ಶೊಹೆ ಒಟಾನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಕೊಟ್ಟಿತು. ಆದರೆ ಅದರಲ್ಲಿ 68 ಕೋಟಿ ಕೈಗೆ ಬರುವುದು 2034ರಿಂದ 2043ರವರೆಗೆ. ಹತ್ತು ವರ್ಷದ ನಂತರದ ಡಾಲರಿಗೆ ಇವತ್ತಿನ ಬೆಲೆ ಕಡಿಮೆ, ಹಾಗಾಗಿ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 4.6 ಕೋಟಿ ಅಂತ ಮಾತ್ರ ಹಿಡಿಯುತ್ತಾರೆ. ಈ ದಾರಿಯನ್ನು ವಾಷಿಂಗ್ಟನ್ ಮುಂಚೆಯೇ ಹಿಡಿದಿತ್ತು. ಶೆರ್ಜರ್‌ರ 21 ಕೋಟಿಯಲ್ಲಿ ಅರ್ಧ ಹಿಂದೆ ಉಳಿಸಿಕೊಂಡಿದ್ದರು. ಅವರು 2021ರಲ್ಲೇ ಆ ತಂಡ ಬಿಟ್ಟರು, ವರ್ಷಕ್ಕೆ 1.5 ಕೋಟಿಯಂತೆ ಕಂತು ಮಾತ್ರ 2028ರವರೆಗೂ ಹೋಗುತ್ತದೆ.

ಡ್ರಾಫ್ಟ್ ಸರದಿಯ ಖರ್ಚು ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಫ್ರೀ ಏಜೆಂಟ್ ಕಳೆದುಕೊಂಡ ತಂಡಕ್ಕೆ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಅವಕಾಶ ಸಿಗುತ್ತದೆ, ಕೊಂಡ ತಂಡ ತನ್ನದೊಂದನ್ನು ಕಳೆದುಕೊಳ್ಳುತ್ತದೆ. ಹಳೆಯ ನಿಯಮದಲ್ಲಂತೂ ಕೊಂಡವರ ಸರದಿಯೇ ಕಳೆದುಕೊಂಡವರಿಗೆ ಹೋಗುತ್ತಿತ್ತು. 2011ರ ಡಿಸೆಂಬರ್‌ನಲ್ಲಿ ಏಂಜಲ್ಸ್ 31 ವರ್ಷದ ಆಲ್ಬರ್ಟ್ ಪುಹೊಲ್ಸ್‌ಗೆ 10 ವರ್ಷ, 24 ಕೋಟಿ ಕೊಟ್ಟಿತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ ಅದುವರೆಗೆ .328 ಸರಾಸರಿಯಲ್ಲಿ (ಸಾವಿರ ಸಲ ಬ್ಯಾಟ್ ಹಿಡಿದರೆ 328 ಹಿಟ್ ಅಂದ ಹಾಗೆ) ಹೊಡೆದಿದ್ದ ಅವರು ಏಂಜಲ್ಸ್‌ನಲ್ಲಿ .256ಕ್ಕೆ ಇಳಿದರು. ಅವರು ಅಲ್ಲಿದ್ದಷ್ಟೂ ಕಾಲ ತಂಡ ಪ್ಲೇಆಫ್ ಕಂಡದ್ದು ಒಂದೇ ಸಲ, 2014ರಲ್ಲಿ. ಅಲ್ಲೂ ಮೂರಕ್ಕೆ ಮೂರೂ ಸೋಲು. ಕಾರ್ಡಿನಲ್ಸ್ ಏನು ಮಾಡಿತು? ಏಂಜಲ್ಸ್‌ನಿಂದ ಬಂದ ಸರದಿಯಲ್ಲಿ ಮೈಕಲ್ ವಾಕಾ ಎಂಬ ಹುಡುಗನನ್ನು ಆರಿಸಿತು. 2013ರಲ್ಲಿ ಅವನೇ ನ್ಯಾಷನಲ್ ಲೀಗ್ ಫೈನಲ್ ಸರಣಿಯ ಶ್ರೇಷ್ಠ ಆಟಗಾರನಾಗಿ ಕಾರ್ಡಿನಲ್ಸ್‌ಅನ್ನು ವರ್ಲ್ಡ್ ಸೀರೀಸ್‌ಗೆ ತಂದ.

ಆದರೆ ಇದೇ ನಿಯಮ ಏಂಜಲ್ಸ್‌ಗೂ ಹಿಂದೊಮ್ಮೆ ಕೈಹಿಡಿದಿತ್ತು. 2008ರಲ್ಲಿ ಅವರ ಮಾರ್ಕ್ ಟೆಶೆರಾ 18 ಕೋಟಿಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಹೋದರು. ಬದಲಿಗೆ ಬಂದ ಸರದಿಯಲ್ಲಿ ಏಂಜಲ್ಸ್ ಆರಿಸಿದ್ದು ಮೈಕ್ ಟ್ರೌಟ್‌ರನ್ನು! ಆ ಪೀಳಿಗೆಯ ಅತ್ಯುತ್ತಮ ಆಟಗಾರ. ಯಾಂಕೀಸ್ ಮೋಸ ಹೋಯಿತೇ ಅಂದರೆ, ಟೆಶೆರಾ ಬಂದ ಮೊದಲ ವರ್ಷವೇ, 2009ರಲ್ಲಿ, ಅವರು ಕಪ್ ಗೆದ್ದರು. ಏಂಜಲ್ಸ್ ಟ್ರೌಟ್ ಇಟ್ಟುಕೊಂಡು ಇವತ್ತಿಗೂ ಒಂದು ಪ್ಲೇಆಫ್ ಪಂದ್ಯ ಗೆದ್ದಿಲ್ಲ. ಈ ವ್ಯಾಪಾರದಲ್ಲಿ ಲಾಭ ಯಾರಿಗೆ? ಒಂದೇ ಸಾಲಿನಲ್ಲಿ ಉತ್ತರ ಹೇಳಲು ನನ್ನಿಂದ ಆಗದು.

ಎಷ್ಟನೇ ಗೆಲುವು ಅನ್ನುವ ನನ್ನ ಮಾತಿಗೆ ಎದುರಾಗಿ ನಿಲ್ಲುವ ತಂಡವೂ ಒಂದಿದೆ, ಟೆಕ್ಸಸ್ ರೇಂಜರ್ಸ್. 2021ರಲ್ಲಿ 102 ಪಂದ್ಯ ಸೋತಿತ್ತು. ಆ ಚಳಿಗಾಲದಲ್ಲೇ ಕೋರಿ ಸೀಗರ್‌ಗೆ 32.5 ಕೋಟಿ, ಮಾರ್ಕಸ್ ಸೆಮಿಯನ್‌ಗೆ 17.5 ಕೋಟಿ. ಒಟ್ಟು 50 ಕೋಟಿ ಡಾಲರ್! ಮುಂದಿನ ವರ್ಷ ಮತ್ತೆ 94 ಸೋಲು. ನೋಡಿದವರು ನಕ್ಕಿರಬೇಕು. 2023ರಲ್ಲಿ 90 ಗೆದ್ದು, ತನ್ನ ಇತಿಹಾಸದ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತು. ಸರಣಿಯ ಶ್ರೇಷ್ಠ ಆಟಗಾರ ಸೀಗರ್. ಆ ತಂಡದಲ್ಲಿ ಶೆರ್ಜರ್ ಕೂಡ ಇದ್ದರು, ಆ ವರ್ಷದ ಮಧ್ಯೆ ನ್ಯೂಯಾರ್ಕ್ ಮೆಟ್ಸ್‌ನಿಂದ ಬಂದಿದ್ದರು, ಸಂಬಳದ ದೊಡ್ಡ ಪಾಲನ್ನು ಮೆಟ್ಸೇ ಕಟ್ಟುತ್ತಿತ್ತು. ಟೆಕ್ಸಸ್‌ನವರು ಇವತ್ತಿನ ಎಷ್ಟನೇ ಗೆಲುವು ಅಂತ ನೋಡಲಿಲ್ಲ. ಎರಡು ವರ್ಷದ ನಂತರ ನಮ್ಮ ಹುಡುಗರು ಬೆಳೆದಾಗ ಇವರು ಬೇಕು, ಆಗ ಇಂಥವರು ಮಾರುಕಟ್ಟೆಯಲ್ಲಿ ಇರುತ್ತಾರೋ ಇಲ್ಲವೋ ಅಂತ ಯೋಚಿಸಿದ ಹಾಗಿದೆ. ಸೀಗರ್‌ರಂಥ ಒಳ್ಳೆಯ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಬೇಕಾದ ವರ್ಷವೇ ಸಿಗುವುದಿಲ್ಲ. ಸಿಕ್ಕಾಗ ಕೊಳ್ಳಬೇಕು. ಅದೇ ರೇಂಜರ್ಸ್ ಪಿಚರ್ ಜೇಕಬ್ ಡಿಗ್ರಾಮ್‌ಗೆ 18.5 ಕೋಟಿ ಕೊಟ್ಟಿತ್ತು, ಕಪ್ ಗೆದ್ದ ವರ್ಷ ಅವರು ಆಡಿದ್ದು 6 ಪಂದ್ಯ. ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ನನ್ನನ್ನು ಯಾರಾದರೂ ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿದರೆ (ಕೂರಿಸಬಾರದು) ಆಟಗಾರನ ಅಂಕಿ ಅಂಶ ನೋಡುವ ಮೊದಲು ನನ್ನದೇ ತಂಡದ ಪಟ್ಟಿ ನೋಡುತ್ತೇನೆ. ಅಗ್ಗದಲ್ಲಿ ಚೆನ್ನಾಗಿ ಆಡುವ ಹುಡುಗರು ಎಷ್ಟು ಜನ, ಅವರ ಆರು ವರ್ಷದಲ್ಲಿ ಎಷ್ಟು ಬಾಕಿ? ಆ ಕಿಟಕಿ ತೆರೆದಿರುವಾಗ ಸ್ಟಾರ್ ದುಬಾರಿಯಾದರೂ ಸರಿ, ಕೊನೆಯ ಮೂರು ವರ್ಷ ಹಾಳಾದರೂ ಸರಿ. ಕಿಟಕಿ ಮುಚ್ಚಿದ್ದರೆ ಎಂಥ ಸ್ಟಾರ್ ಆದರೂ ಬೇಡ. 26 ವರ್ಷದ ಬ್ಯಾಟರ್ ಆದರೆ ಮಾತ್ರ ಎಲ್ಲ ಬದಿಗಿಟ್ಟು ಯೋಚಿಸುತ್ತೇನೆ.

ಹಾಗೆ ಯೋಚಿಸಿದವರಿಗೂ ಏನಾಯಿತು ನೋಡಿ. ವಾಷಿಂಗ್ಟನ್ 2022ರಲ್ಲಿ ಸೊಟೊಗೆ 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆ ಅಂದಿತು. ಅವರು ಒಪ್ಪಲಿಲ್ಲ. ಆ ವರ್ಷ 107 ಪಂದ್ಯ ಸೋತ ತಂಡ ಅವರನ್ನು ಸ್ಯಾನ್ ಡಿಯೇಗೊಗೆ ಕೊಟ್ಟು ಎಳೆಯ ಹುಡುಗರನ್ನು ತೆಗೆದುಕೊಂಡಿತು. ಅವರಲ್ಲಿ ಮೂವರು, ಸಿಜೆ ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್, ಆಮೇಲೆ ಆಲ್‌ಸ್ಟಾರ್ ಆದರು. ಸೊಟೊ ಅಲ್ಲಿಂದ ಯಾಂಕೀಸ್‌ಗೆ, ಅಲ್ಲಿಂದ 2024ರ ಡಿಸೆಂಬರ್‌ನಲ್ಲಿ ಫ್ರೀ ಏಜೆಂಟ್ ಆಗಿ ಮೆಟ್ಸ್‌ಗೆ ಹೋದರು. ವಯಸ್ಸು 26. 15 ವರ್ಷ, 76.5 ಕೋಟಿ ಡಾಲರ್. ಒಂದು ಡಾಲರ್ ಕೂಡ ಮುಂದೂಡಿಲ್ಲ. ಮೆಟ್ಸ್ ಆ ವರ್ಷ 89 ಗೆದ್ದ ತಂಡ. ಗೆರೆಯ ಹತ್ತಿರವೇ ನಿಂತ ತಂಡ, ಎಳೆಯ ಸ್ಟಾರ್, ತೆರಿಗೆಗೆ ಹೆದರದ ಮಾಲೀಕ ಸ್ಟೀವ್ ಕೋಹೆನ್. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾತಕ ಕೂಡಿಬರುವುದು ಕಷ್ಟ.

2025ರಲ್ಲಿ ಸೊಟೊ 43 ಹೋಮ್ ರನ್ ಹೊಡೆದರು, ಪಿಚರ್‌ನ ಕಣ್ಣು ತಪ್ಪಿಸಿ ಓಡಿ 38 ಬೇಸ್ ಕದ್ದರು. ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ. ಸೀಸನ್ನಿನ ಕೊನೆಯ ದಿನ, ಸೆಪ್ಟೆಂಬರ್ 28ರಂದು, ಮೆಟ್ಸ್ ಮಯಾಮಿ ಎದುರು 4-0 ಸೋತಿತು. ಗೆಲುವು 83ಕ್ಕೆ ನಿಂತಿತು. ಸಿನ್ಸಿನಾಟಿ ರೆಡ್ಸ್ ಕೂಡ 83ರಲ್ಲೇ ಇತ್ತು, ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಮುಂದಿದ್ದರಿಂದ ಪ್ಲೇಆಫ್‌ಗೆ ಅವರು ಹೋದರು. ಮೆಟ್ಸ್‌ಗೆ ಬೇಕಾಗಿದ್ದದ್ದು 84ನೇ ಗೆಲುವು. ಒಪ್ಪಂದದಲ್ಲಿ ಆಗ ಇನ್ನೂ 14 ವರ್ಷ ಬಾಕಿ ಇತ್ತು.